ಪಂಚಾಕ್ಷರಿ ಮಾವನ ಓಮ್ನಿ ಡೇರೆ

ನಮ್ಮ ಮಾವ ಪಂಚಾಕ್ಷರಿ ವಿಜಯನಗರದ ಅರ್ಧಕ್ಕರ್ಧ ಜನರನ್ನು ಮಲಗಿಸಿದವರು. ಗಾಬರಿಯಾಗಬೇಡಿ, ಅವರದು ಹಾಸಿಗೆ ಅಂಗಡಿ. ಹತ್ತಿ ಹಾಸಿಗೆ, ನಾರಿನ ಹಾಸಿಗೆ, ಫೋಮು, ದಿಂಬು, ಕಿಟಕಿ ಪರದೆ, ಪರದೆಗೆ ಬೇಕಾದ ಕಂಬಿ, ಎಲ್ಲ ಅಲ್ಲೇ. ಮೀಸೆ ಮೂಡುವ ಮುಂಚೆ ರಾಣೆಬೆನ್ನೂರಿನಿಂದ ಬಂದು ಯಾರದೋ ಅಂಗಡಿಯಲ್ಲಿ ಹತ್ತಿ ತುಂಬುತ್ತಿದ್ದವರು, ಕೊನೆಗೆ ಸ್ವಂತ ಬೋರ್ಡು ಹಾಕಿಸಿದರು. ಗಿರಾಕಿ ಹಾಸಿಗೆ ಮೇಲೆ ಕೈಯಿಂದ ಒತ್ತಿ ನೋಡಿದರೆ ಅವರಿಗೆ ಸಮಾಧಾನವಿಲ್ಲ. "ಹಂಗಲ್ರಿ, ಚಪ್ಪಲಿ ಬಿಟ್ಟು ಮಲಗಿ ನೋಡ್ರಿ," ಅನ್ನುತ್ತಿದ್ದರಂತೆ. ಒಬ್ಬರು ಮಧ್ಯಾಹ್ನ ಮಲಗಿದವರು ಅಂಗಡಿ ಮುಚ್ಚುವವರೆಗೂ ಏಳಲಿಲ್ಲ ಅನ್ನೋ ಕಥೆಯನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಕೇಳಿದ್ದೆ.

ಇಷ್ಟೆಲ್ಲ ಮಾಡಿದ ಮನುಷ್ಯ ಅಂಗಡಿ ಹಾಕಿದ ಮೇಲೆ ಚಂದ್ರಾ ಲೇಔಟಿನ ತಮ್ಮ ಮನೆ ಬಿಟ್ಟು ಬೇರೆಲ್ಲೂ ಮಲಗಿದವರಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯಬೇಕಲ್ಲ. ನಂಟರ ಮದುವೆಗೆ ಹೋದರೂ ಊಟ ಮುಗಿಸಿ ಕೊನೇ ಬಸ್ಸಿಗೆ ವಾಪಸ್. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿದಾಗ ಆಸ್ಪತ್ರೆಯಲ್ಲಿ ಮಲಗಿದ್ದೇ ಮೊದಲು. ಡಿಸ್ಚಾರ್ಜ್ ಆಗುವಾಗ ಡಾಕ್ಟರ ಕೈ ಹಿಡಿದು ಹೇಳಿದರು, "ಎಲ್ಲಾ ಚಲೋ ನೋಡ್ಕೊಂಡ್ರಿ. ಹಾಸಿಗಿ ಮಾತ್ರ ನಡುವ ಕುಸಿದೈತಿ, ಬದಲ್ಸಿಬಿಡ್ರಿ."

ಆಮೇಲೆ ಅಂಗಡಿ ಮುಚ್ಚಿತು. ಮುಚ್ಚಿಸಿದವಳು ನಾನು ಅಂತ ಅತ್ತೆ ಹೇಳುತ್ತಾರೆ, ಪೂರ್ತಿ ಸುಳ್ಳಲ್ಲ. ಉಳಿದ ಮಾಲು ನಮ್ಮ ನಡುಕೋಣೆಗೆ ಬಂತು. ಹಾಸಿಗೆ ತಲುಪಿಸುತ್ತಿದ್ದ ಹಳೇ ಓಮ್ನಿ ಗೇಟಿನ ಮುಂದೆ ಬಂದು ನಿಂತಿತು. ಮಾವ ಸೋಫಾದ ಮೇಲೆ ಕೂತರು. ಅವರ ಮಾತ್ರೆ, ಉಪ್ಪು, ಮೆಟ್ಟಿಲು ಹತ್ತೋದು, ಎಲ್ಲದರ ಮೇಲೂ ನನ್ನ ಕಣ್ಣು. ನನ್ನ ಸ್ವಭಾವವೇ ಅದು. ಮಗಳು ಅನಘಾ ಒಂದು ಸಲ ಕೆಮ್ಮಿದರೆ ನಾನು ಗೂಗಲ್‌ನಲ್ಲಿ ನ್ಯುಮೋನಿಯಾ ಹುಡುಕುತ್ತಾ ಇರುತ್ತೇನೆ. ಮಾವ ಸ್ವಲ್ಪ ಹೆಚ್ಚು ಹೊತ್ತು ನಿದ್ದೆ ಮಾಡಿದರೆ ಬಾಗಿಲಲ್ಲಿ ನಿಂತು ಎದೆ ಏರಿಳಿಯುತ್ತಾ ಅಂತ ನೋಡಿ ಬರುತ್ತೇನೆ. ಇದು ಅವರಿಗೆ ಗೊತ್ತಿದೆ. ಒಂದು ದಿನ ಕಣ್ಣು ಮುಚ್ಚಿಕೊಂಡೇ, "ಇದ್ದೀನವಾ, ಹೋಗಿ ಒಲಿ ನೋಡು," ಅಂದರು.

ಹೀಗಿರುವಾಗ ನಮ್ಮ ಎದುರು ಮನೆಯವರು ಒಂದು ದೊಡ್ಡ ಜೀಪಿನ ನೆತ್ತಿಯ ಮೇಲೆ ಟೆಂಟು ಹಾಕಿಸಿಕೊಂಡು ಬಂದರು. ಮೊದಲು ಅದು ದೊಡ್ಡ ಸೂಟ್‌ಕೇಸಿನಂತೆ ಕಾಣುತ್ತಿತ್ತು. ಭಾನುವಾರ ಬೆಳಗ್ಗೆ ಕ್ಲಿಪ್ಪು ಬಿಚ್ಚಿದರು ನೋಡಿ, ಚಪ್ಪರದ ಹಾಗೆ ಎದ್ದು ನಿಂತಿತು. ಪಕ್ಕದಲ್ಲಿ ಏಣಿ. ಅನಘಾ ದೋಸೆ ಹಿಡಿದುಕೊಂಡೇ ಗೇಟಿಗೆ ಓಡಿದಳು.

"ಅಮ್ಮಾ, ಅವರ ಕಾರ್ ಮೇಲೆ ಮನೆ ಇದೆ."

"ಅದು ಟೆಂಟು ಕಣೇ."

"ನಮಗೂ ಬೇಕು. ಅಜ್ಜಂಗೂ ಬೇಕಂತೆ."

ಅಜ್ಜ ಪೇಪರಿನ ಹಿಂದೆ ಸುಮ್ಮನೆ ಕೆಮ್ಮಿದರು. ನನ್ನ ಗಂಡ ವೀರೇಶ್ ಫೋನಿನಲ್ಲಿ ಅದರ ಬೆಲೆ ನೋಡಿ, "ಅಪ್ಪಾ, ಆ ಟೆಂಟಿನ ದುಡ್ಡಿಗೆ ನಮ್ಮ ಓಮ್ನಿ ಥರದ್ದು ಇನ್ನೊಂದೇ ಬರುತ್ತೆ," ಅಂದ. ಬಾಡಿಗೆಗೂ ಸಿಗುತ್ತಂತೆ, ಆದರೆ ಅಷ್ಟು ಭಾರವನ್ನು ಓಮ್ನಿಯ ತಗಡಿನ ತಲೆ ತಡೆಯೋದಿಲ್ಲ ಅಂತ ಅವನೇ ಸೇರಿಸಿದ. ಅತ್ತೆ ಜಗದಾಂಬಾ ಅಡುಗೆ ಮನೆಯಿಂದಲೇ ಕೇಳಿದರು, "ಏಣಿ ಹತ್ತಿ ಮಲಗಾಕ ನಾವೇನ್ ಮಂಗ್ಯಾನೇನ್ರಿ?"

"ಏಣಿ ಅಂತೂ ಬೇಡವೇ ಬೇಡ," ಅಂದೆ ನಾನು. "ಸ್ಟೆಂಟ್ ಹಾಕಿಸಿಕೊಂಡವರು ರಾತ್ರಿ ಬಾತ್‌ರೂಮಿಗೆ ಅಂತ ಏಣಿ ಇಳಿಯೋದಾ?"

ಮಾವ ಪೇಪರ್ ಮಡಚಿದರು. "ಆತವಾ, ಮ್ಯಾಲೆ ಬ್ಯಾಡ. ಒಳಗ?"

ಆ ಒಂದು ಮಾತು ಹೇಳಿ ಅವರು ಸೋಫಾದಿಂದ ಎದ್ದರು. ಡ್ರಾಯರಿನಿಂದ ಅಂಗಡಿಯ ಹಳೇ ಅಳತೆ ಟೇಪು ತೆಗೆದು ಹೋಗಿ ಓಮ್ನಿಯ ಹಿಂಬಾಗಿಲು ಎತ್ತಿದರು. ಸ್ಟೆಂಟ್ ಆದಮೇಲೆ ಅವರು ಅಷ್ಟು ಚುರುಕಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ನನಗೆ ಖುಷಿಯೂ ಆಯಿತು, ಬಿಪಿ ಏರಿದರೆ ಅಂತ ಭಯವೂ ಆಯಿತು.

ವೀರೇಶ್‌ಗೆ ಮಾತ್ರ ನೆಲದ ಮೇಲೆ ಹಾಕುವ ಟೆಂಟಿನ ಮೇಲೆ ಮನಸ್ಸು. ಆಫೀಸಿನವರೊಬ್ಬರ ಹತ್ತಿರ ಕೇಳಿ ತಂದು ತಾರಸಿ ಮೇಲೆ ನಿಲ್ಲಿಸಿದ. ಚೆನ್ನಾಗಿಯೇ ಇತ್ತು, ಅತ್ತೆ ಒಳಗೆ ಹೋಗುವವರೆಗೂ. ಬಗ್ಗಿ ನುಗ್ಗಿದರು, ಕೂತರು, ಆಮೇಲೆ ಮಂಡಿ ಏಳಲೊಲ್ಲದು. ಒಂದು ಕೈ ನಾನು, ಒಂದು ಕೈ ವೀರೇಶ್ ಹಿಡಿದು ಎಳೆದರೆ ಅತ್ತೆಯ ಜೊತೆ ಟೆಂಟೂ ಎದ್ದು ಬಂತು.

"ನನ್ನ ಇಲ್ಲೇ ಬಿಟ್ಟು ಹೊತ್ತೊತ್ತಿಗೆ ರೊಟ್ಟಿ ಕೊಡ್ರಿ," ಅಂದರು ಅತ್ತೆ.

ಮಾವ ಇದ್ಯಾವುದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ. ಓಮ್ನಿಯ ಹಿಂದಿನ ಸೀಟು ಎಂದೋ ತೆಗೆಸಿದ್ದು, ಹಾಸಿಗೆ ಸಾಗಿಸುವುದಕ್ಕೆ. ಅಲ್ಲಿ ದಿಂಬು ತುಂಬಿಡುತ್ತಿದ್ದ ಮರದ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದರು. ಫೋಮನ್ನು ತುಂಡು ಮಾಡಿ, ಹಗಲು ಮಡಚಿದರೆ ಕೂರುವ ಹಾಗೆ, ರಾತ್ರಿ ಬಿಡಿಸಿದರೆ ಮಲಗುವ ಹಾಗೆ ಗವಸು ಹಾಕಿದರು. ಮಂಚದ ಎತ್ತರ, ಅತ್ತೆಯ ಮಂಡಿಗೂ ಒಪ್ಪಿಗೆ. ಕಿಟಕಿಗಳಿಗೆ ಸೊಳ್ಳೆ ಪರದೆ. ಆಮೇಲೆ ಮುಖ್ಯವಾದದ್ದು: ಎತ್ತಿದ ಹಿಂಬಾಗಿಲಿನಿಂದ ಹೊರಕ್ಕೆ ಒಂದು ಚಪ್ಪರ. ಕಂಬಗಳಿಗೆ ಕಿಟಕಿ ಪರದೆಯ ದಪ್ಪ ಕಂಬಿ. ಟಾರು ರಸ್ತೆಗೆ ಗೂಟ ಹೊಡೆಯೋಕಾಗಲ್ಲ, ಅದಕ್ಕೆ ಪೇಂಟ್ ಡಬ್ಬಿಗಳಲ್ಲಿ ಮರಳು ತುಂಬಿ ಕಂಬಿ ನಿಲ್ಲಿಸಿದರು. ಮೇಲೆ ಹಾಸಿಗೆ ಸುತ್ತಿ ಬರುತ್ತಿದ್ದ ಪ್ಲಾಸ್ಟಿಕ್ಕು, ಅದರ ಕೆಳಗೆ ಹಾಸಿಗೆಗೆ ಒಳಗವಸು ಹೊಲಿಯುತ್ತಿದ್ದ ಬಿಳೀ ಬಟ್ಟೆ. ನಡುಕೋಣೆಯಲ್ಲಿ ಆ ಬಟ್ಟೆ ಥಾನುಗಟ್ಟಲೆ ಬಿದ್ದಿತ್ತು. ಹೊರಗಿನಿಂದ ಹೊಸದಾಗಿ ಕೊಂಡದ್ದು ಒಂದಿಷ್ಟು ಹಗ್ಗ, ಅಷ್ಟೇ.

ಮಳೆಗೆ ತಡೆಯುತ್ತಾ ನೋಡೋಣ ಅಂತ ತಾರಸಿಯಿಂದ ನೀರು ಸುರಿಸಿದೆವು. ನೀರು ನಡುವೆ ನಿಂತು, ಚಪ್ಪರಕ್ಕೆ ಬಸುರಿ ಹೊಟ್ಟೆ ಬಂದು, ಕೆಳಗೆ ನಿಂತು ಪರೀಕ್ಷೆ ಮಾಡುತ್ತಿದ್ದ ವೀರೇಶನ ಮೇಲೆ ಒಡೆಯಿತು. ಅನಘಾ ನಕ್ಕೂ ನಕ್ಕೂ ರಸ್ತೆಯಲ್ಲೇ ಕೂತಳು. ಮಾವ ಒಳಗೆ ಹೋಗಿ ಇನ್ನೊಂದು ಉದ್ದ ಕಂಬಿ ತಂದು ನಡುವೆ ಎತ್ತರಿಸಿದರು. ಈ ಸಲ ನೀರು ಎರಡೂ ಕಡೆ ಇಳಿದು ಹೋಯಿತು.

ಪಕ್ಕದ ಮನೆಯ ಬೈರಪ್ಪನವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ಇದನ್ನೆಲ್ಲ ನೋಡುತ್ತಿದ್ದರು. ಈ ಲೇಔಟು ಹೊಲವಾಗಿದ್ದಾಗಿನಿಂದ ಇಲ್ಲಿರುವವರು.

"ಏನ್ ಸಾವ್ಕಾರ್ರೇ, ಹಾಸಿಗೆ ಅಂಗಡಿಗೆ ಚಕ್ರ ಹಾಕ್ತಾ ಇದೀರಾ?"

"ನಿಮ್ಮ ತೋಟದಾಗ ಒಂದು ಬ್ರಾಂಚ್ ತೆಗೀಬೇಕಂತ ಮಾಡೀನಿ ಗೌಡ್ರೆ."

"ತೆಗೀರಿ ಮತ್ತೆ, ಯಾರ್ ಬೇಡ ಅಂದೋರು. ಮಾವಿನ ಮರದ ಕೆಳಗೆ ಜಾಗ ಸವರಿಸಿ ಇಡ್ತೀನಿ. ಬಾಡಿಗೆ ಬೇಡ, ನಂಗೊಂದು ದಿಂಬು ಕೊಡಿ."

ಅವರ ತೋಟ ಮಾಗಡಿ ರಸ್ತೆಯಲ್ಲಿ, ತಾವರೆಕೆರೆ ಆಚೆ. ಹೀಗೆ ಜಾಗವೂ ಗೊತ್ತಾಯಿತು. ಡಾಕ್ಟರು ಹೋಗಿಬನ್ನಿ ಅಂದರು, ವೀರೇಶ್ ರಜೆ ಹಾಕಿದ, ಅನಘಾ ತನ್ನ ಬ್ಯಾಗಿನಲ್ಲಿ ಟಾರ್ಚು, ಬಿಸ್ಕೆಟ್ಟು, ಒಂದು ಗೊಂಬೆ ತುಂಬಿಟ್ಟಳು. ಉಳಿದದ್ದು ನನ್ನ ಒಪ್ಪಿಗೆ ಮಾತ್ರ.

ಮಾವ ಅದನ್ನು ಕೇಳಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನು ಬಟ್ಟೆ ಮಡಚುತ್ತಿದ್ದೆ. ಎದುರು ಕೂತು ಅವರೂ ಒಂದು ಟವೆಲ್ ತೆಗೆದುಕೊಂಡು ಮಡಚತೊಡಗಿದರು. "ರಂಜನಿ, ಊರ ಮಂದಿಗೆಲ್ಲ ಹಾಸಿಗಿ ಹಾಕಿದೆ. ಆಕಾಶದ ಕೆಳಗ ಒಂದ್ ರಾತ್ರಿ ನಾನೂ ಮಲಗಿ ನೋಡ್ಬೇಕು. ಕೂಸಿನ ಜೋಡಿ. ನೀ ಬ್ಯಾಡ ಅಂದ್ರ ಬ್ಯಾಡ, ಇನ್ನೊಮ್ಮೆ ಕೇಳೂದಿಲ್ಲ."

ಇನ್ನೊಮ್ಮೆ ಕೇಳುವುದಿಲ್ಲ ಅಂದರೆ ಅವರು ಕೇಳುವುದಿಲ್ಲ. ಮತ್ತೆ ಸೋಫಾಕ್ಕೆ ಹೋಗಿ ಕೂರುತ್ತಾರೆ, ಅಷ್ಟೇ. ಬೇಡ ಅನ್ನಲು ಬಾಯಿ ಬರಲಿಲ್ಲ. ಹೂಂ ಅನ್ನಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದೆ. "ಮೊದಲು ಮನೆ ಮುಂದೆ ಒಂದು ರಾತ್ರಿ ಟ್ರಯಲ್ ಮಾಡೋಣ ಮಾವ. ಏನೂ ಎಡವಟ್ಟಾಗದೆ ಬೆಳಗಾದರೆ ಅದೇ ದಿನ ತೋಟಕ್ಕೆ ಹೊರಡೋಣ. ಒಂದೇ ಒಂದು ಎಡವಟ್ಟಾದ್ರೂ ಕ್ಯಾನ್ಸಲ್."

"ಆತು," ಅಂದರು. ಟವೆಲ್ಲನ್ನು ಅಂಗಡಿಯಲ್ಲಿ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ನನ್ನ ಕೈಗೆ ಕೊಟ್ಟರು.

ಅತ್ತೆಗೆ ಬೇರೆಯದೇ ಚಿಂತೆ. "ಪೂಜಿ ಎಲ್ಲಿ ಮಾಡ್ತೀರಿ?" ಮಾವ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಒಂದು ಗುಟುಕು ಕಾಫಿಯನ್ನೂ ಮುಟ್ಟುವುದಿಲ್ಲ, ಮಾತೂ ಆಡುವುದಿಲ್ಲ.

"ಲಿಂಗ ಕೊರಳಾಗ ಐತಿ. ನಾ ಕುಂತಲ್ಲೇ ಪೂಜಿ. ಅದನ್ನೂ ಟ್ರಯಲ್ ಮಾಡೂಣು."

ಶುಕ್ರವಾರ ಸಂಜೆ ಓಮ್ನಿಯ ಹಿಂದೆ ಚಪ್ಪರ ಎದ್ದಿತು. ಬೈರಪ್ಪನವರು ಜಾಗ ಸವರಿಸಲು ಮಧ್ಯಾಹ್ನವೇ ತೋಟಕ್ಕೆ ಹೋಗಿದ್ದರು. ಮಾವ, ಅತ್ತೆ, ಅನಘಾ ಮೂವರೂ ಗಾಡಿಯಲ್ಲಿ. ವೀರೇಶ್ ಮನೆಯೊಳಗೆ ಮಂಚದ ಮೇಲೆ. ನಾನು ಮಹಡಿಯ ಕಿಟಕಿಯಲ್ಲಿ, ಕಾವಲಿಗೆ. ಕಾವಲು ಅಂದರೆ ಸುಮ್ಮನೆ ನಿಂತುಕೊಳ್ಳುವವಳಲ್ಲ ನಾನು. ಬೈಕಿನವರು ಬಂದು ಗುದ್ದಿದರೆ? ಅದಕ್ಕೆ ನಮ್ಮನೆಯ ಪ್ಲಾಸ್ಟಿಕ್ ಕುರ್ಚಿಗಳ ಜೊತೆ ಬೈರಪ್ಪನವರ ಮನೆಯವೂ ಸೇರಿಸಿ ಚಪ್ಪರದ ಮುಂದೆ ರಸ್ತೆಯುದ್ದಕ್ಕೂ ಸಾಲಾಗಿ ಇಟ್ಟೆ. ಸೊಳ್ಳೆ ಬತ್ತಿಯ ಹೊಗೆ ಗಾಡಿಯೊಳಗೆ ತುಂಬಿಕೊಂಡರೆ? ಅದಕ್ಕೆ ಗೇಟಿನ ಎದುರು ಹಳೇ ಬಾಣಲೆಯಲ್ಲಿ ತೆಂಗಿನ ನಾರು, ಬೇವಿನ ಸೊಪ್ಪು, ಸ್ವಲ್ಪ ಸೌದೆ ಚೂರು ಹಾಕಿ ಹೊಗೆ ಎಬ್ಬಿಸಿದೆ. ಬಾಗಿಲ ದೀಪ ಆರಿಸಲಿಲ್ಲ. ಗೇಟನ್ನು ಅಗಲ ತೆಗೆದೇ ಇಟ್ಟೆ, ಯಾರಾದರೂ ಅವಸರಕ್ಕೆ ಒಳಗೆ ಓಡಿ ಬರಬೇಕಾದರೆ ಅಂತ. ಎಲ್ಲ ಮುಗಿಸಿ ಕಿಟಕಿಯಿಂದ ನೋಡಿದಾಗ, ಈ ಸಲ ಯಾವ ಸಂದೂ ಬಿಟ್ಟಿಲ್ಲ ಅಂತ ಸಮಾಧಾನವಾಯಿತು.

ರಾತ್ರಿ ಏನೂ ಆಗಲಿಲ್ಲ. ಎರಡು ಮೂರು ಸಲ ಇಳಿದು ಬಾಣಲೆಗೆ ಸೌದೆ ಚೂರು ಹಾಕಿ ಬಂದೆ. ಅತ್ತೆಯ ಗೊರಕೆ ಮಹಡಿಗೂ ಕೇಳಿಸುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಮಾವ ಎದ್ದು ಸ್ನಾನಕ್ಕೆ ಒಳಗೆ ಬಂದ ಸದ್ದಾಯಿತು. ಸರಿ, ಗೆದ್ದರು, ಅಂದುಕೊಂಡೆ. ಇನ್ನು ಎಡವಟ್ಟಾಗಲು ಏನು ಉಳಿದಿದೆ? ಹಾಗೇ ಕಿಟಕಿಗೆ ತಲೆ ಆನಿಸಿದವಳಿಗೆ ಕಣ್ಣು ಹತ್ತಿಬಿಟ್ಟಿತು.

ಎಚ್ಚರವಾದಾಗ ರಸ್ತೆ ತುಂಬ ಜನ. ಆದರೆ ಸದ್ದಿಲ್ಲ. ಸಾಲು ಕುರ್ಚಿಗಳಲ್ಲಿ ಗಂಡಸರು ತಲೆ ತಗ್ಗಿಸಿ ಕೂತಿದ್ದಾರೆ. ಹಿಂದಿನ ಬೀದಿಯ ಹೆಂಗಸರಿಬ್ಬರು ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಾರೆ. ಬಾಣಲೆಯ ಹೊಗೆ ನೆಟ್ಟಗೆ ಮೇಲೇಳುತ್ತಿದೆ. ಬಿಳೀ ಚಪ್ಪರದ ಕೆಳಗೆ ಮಾವ ಪದ್ಮಾಸನದಲ್ಲಿ, ಓಮ್ನಿಗೆ ಒರಗಿಸಿದ ದಿಂಬಿಗೆ ಬೆನ್ನು ಕೊಟ್ಟು, ಒಗೆದ ಪಂಚೆ ಉಟ್ಟು, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿ. ಮಿಸುಕಾಟವಿಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಹೀಗೇ ಕೂರಿಸುತ್ತಾರೆ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಹೀಗೇ.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗೇಟಿನ ಹತ್ತಿರ ಮಾವನ ವ್ಯಾಪಾರದ ಗೆಳೆಯ, ಅತ್ತಿಗುಪ್ಪೆಯ ಪರದೆ ಅಂಗಡಿ ನಾಗಭೂಷಣ್, ಕೈಯಲ್ಲಿ ಸುಗಂಧರಾಜದ ಹಾರ ಹಿಡಿದು ನಿಂತಿದ್ದರು. ಕಣ್ಣು ಕೆಂಪಗಿತ್ತು. "ಧೈರ್ಯ ತಗೋಮ್ಮ," ಅಂದರು ನನಗೆ. "ವಾಕಿಂಗ್ ಬಂದವನು ದೂರದಿಂದಲೇ ನೋಡ್ದೆ, ಹಾಗೇ ಹೋಗಿ ಹಾರ ತಂದೆ. ಪುಣ್ಯಾತ್ಮ, ಏನು ಕಳೆ ನೋಡು ಮುಖದಲ್ಲಿ."

ಅವರು ಚಪ್ಪರದೊಳಗೆ ಬಗ್ಗಿ, ಎರಡೂ ಕೈಯಲ್ಲಿ ಹಾರ ಅಗಲಿಸಿ ಮಾವನ ಕೊರಳಿಗೆ ಹಾಕಿದರು. ಆಗ ಮಾವನ ಮೂಗು ಸ್ವಲ್ಪ ಅಲ್ಲಾಡಿತು. ಅವರಿಗೆ ಸುಗಂಧರಾಜ ಆಗಿಬರೋದಿಲ್ಲ. ತಡೆದುಕೊಂಡರು, ತಡೆದುಕೊಂಡರು, ಆಮೇಲೆ ಆ ಬೀದಿಯೇ ಬೆಚ್ಚುವಂಥ ಒಂದು ಸೀನು ಸೀನಿದರು.

ನಾಗಭೂಷಣ್ ಹಿಂದಕ್ಕೆ ಹಾರಿ ಮರಳಿನ ಡಬ್ಬಿ ಎಡವಿ ಕುರ್ಚಿಯ ಮೇಲೆ ಬಿದ್ದರು. ಮಾವ ಒಂದು ಕಣ್ಣು ತೆರೆದರು. ಪೂಜೆ ಮುಗಿದಿರಲಿಲ್ಲವಾದ್ದರಿಂದ ಮಾತಾಡಲಿಲ್ಲ. ಬಲಗೈ ಎತ್ತಿ, ಕೂತ್ಕೊಳ್ರಿ, ಬಂದೆ, ಅಂತ ಸನ್ನೆ ಮಾಡಿ ಮತ್ತೆ ಕಣ್ಣು ಮುಚ್ಚಿದರು.

ನಾನು ಅಲ್ಲೇ ಗೇಟಿನ ಕಟ್ಟೆ ಮೇಲೆ ಕೂತೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ. ಎಲ್ಲರೂ ಕೂತೇ ಇದ್ದರು, ಪೂಜೆ ಮುಗಿಯುವ ತನಕ. ಓಮ್ನಿಯ ಪರದೆ ಸರಿಸಿ ಅನಘಾ ಕೆದರಿದ ತಲೆ ಹೊರಗೆ ಹಾಕಿದಳು. ಕುರ್ಚಿಯ ಸಾಲನ್ನು ಆ ಕಡೆಯಿಂದ ಈ ಕಡೆವರೆಗೂ ನೋಡಿದಳು. "ಅಜ್ಜಾ, ಇಷ್ಟೂ ಜನ ನಮ್ಮ ಗಾಡಿಯಲ್ಲಿ ಹಿಡಿಸ್ತಾರಾ?"

ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಂದ ಅತ್ತೆ ಗಂಡನ ಕೊರಳಿನ ಹಾರ ನೋಡಿ ನಿಂತರು. "ಏನ್ರಿ ನಾಗಭೂಷಣ್, ಬೆಳಬೆಳಗ್ಗೆ ಇವರಿಗೆ ಸನ್ಮಾನ?"

ನಾಗಭೂಷಣ್‌ಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. "ಅಕ್ಕಾರೆ, ಬಿಳೀ ಚಪ್ಪರ, ಸಾಲು ಕುರ್ಚಿ, ಬಾಗಿಲಲ್ಲಿ ಬೆಂಕಿ ಹೊಗೆ, ಗೇಟು ಹಾರು ಹೊಡೆದಿದೆ. ಇವನು ನೋಡಿದರೆ ಹಿಂಗೆ ಕೂತಿದಾನೆ. ನೀವೇ ಹೇಳಿ, ಯಾರಾದರೂ ಏನಂದ್ಕೋಬೇಕು?" ಆಮೇಲೆ ಮೆಲ್ಲಗೆ, "ವಾಟ್ಸಾಪ್ ಗ್ರೂಪಲ್ಲಿ ಲಿಂಗೈಕ್ಯರಾದರು ಅಂತ ಹಾಕ್ಬಿಟ್ಟಿದೀನಿ," ಅಂದರು.

ಅಷ್ಟರಲ್ಲಿ ಪೂಜೆ ಮುಗಿಸಿದ ಮಾವನ ಫೋನ್ ಹೊಡೆದುಕೊಂಡಿತು. ತೋಟದಿಂದ ಬೈರಪ್ಪನವರು. ಮಾವ ಸ್ಪೀಕರಿಗೆ ಹಾಕಿದರು, ಅವರಿಗೆ ಕಿವಿಗೆ ಹಿಡಿದು ಮಾತಾಡಿ ಅಭ್ಯಾಸವಿಲ್ಲ.

"ಜಗದಾಂಬಮ್ಮೋರೆ, ಹೆಂಗಾಯ್ತು ಇದು?"

"ನಾನ್ರಿ ಗೌಡ್ರೆ."

"ಸಾವ್ಕಾರ್ರೇ? ನೀವೇನಾ? ಹೋದ್ರಿ ಅಂದ್ರಲ್ಲ."

"ಎಲ್ಲಿ ಹೋಗ್ಲಿ? ನಿಮ್ಮ ತೋಟಕ್ಕ ಹೋಗೂದಿತ್ತು..." ಅಂದವರು ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದರು. ಷರತ್ತು ನೆನಪಾಗಿರಬೇಕು. "ಆಮ್ಯಾಲೆ ಹೇಳ್ತೀನಿ ಗೌಡ್ರೆ," ಅಂತ ಫೋನ್ ಇಟ್ಟರು.

ಜನ ಚಹಾ ಕುಡಿದು, ನಗುತ್ತಾ, ಮಾವನ ಬೆನ್ನು ತಟ್ಟಿ ಒಬ್ಬೊಬ್ಬರಾಗಿ ಹೊರಟರು. ಮಾವ ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಚಪ್ಪರದ ಗಂಟು ಬಿಚ್ಚತೊಡಗಿದರು. ಬಿಳೀ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು. ಇನ್ನೊಮ್ಮೆ ಕೇಳುವುದಿಲ್ಲ ಅಂದಿದ್ದರಲ್ಲ, ಕೇಳಲಿಲ್ಲ. ಅನಘಾ ಬ್ಯಾಗ್ ತಬ್ಬಿಕೊಂಡು ನನ್ನ ಮುಖ, ಅಜ್ಜನ ಮುಖ ನೋಡುತ್ತಿದ್ದಳು.

ಎಡವಟ್ಟೇನೋ ಆಗಿತ್ತು, ಇದಕ್ಕಿಂತ ದೊಡ್ಡದು ಆಗಲು ಸಾಧ್ಯವಿಲ್ಲ. ಆದರೆ ನಾನು ಒಂದೊಂದಾಗಿ ನೋಡುತ್ತಾ ಬಂದೆ. ಚಪ್ಪರ ಅಲ್ಲಾಡಿರಲಿಲ್ಲ. ಹಾಸಿಗೆ ಕುಸಿದಿರಲಿಲ್ಲ. ಮಗುವಿಗೆ ಒಂದು ಸೊಳ್ಳೆ ಕಚ್ಚಿರಲಿಲ್ಲ. ಅತ್ತೆಯ ಮಂಡಿ ತಾನಾಗಿಯೇ ಎದ್ದಿತ್ತು. ಕುರ್ಚಿ ಇಟ್ಟವಳು ನಾನು, ಹೊಗೆ ಹಾಕಿದವಳು ನಾನು, ಗೇಟು ತೆಗೆದಿಟ್ಟವಳೂ ನಾನೇ. ಇಷ್ಟು ದಿನ ಯಾವುದು ಆಗಬಾರದು ಅಂತ ಬಾಗಿಲಲ್ಲಿ ನಿಂತು ಕಾದಿದ್ದೆನೋ, ಅದನ್ನು ನಾನೇ ನಮ್ಮ ಮನೆ ಮುಂದೆ ಜೋಡಿಸಿ ಇಟ್ಟಿದ್ದೆ. ಅದರ ನಡುವೆ ಕೂತೇ ಈ ಮನುಷ್ಯ ಸೀನಿದ್ದರು.

"ಸುಳ್ಳು ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಗಟ್ಟಿ ಆಗ್ತೈತಂತ ನಮ್ಮವ್ವ ಹೇಳ್ತಿದ್ಲು," ಅಂದರು ಅತ್ತೆ, ಯಾರಿಗೂ ಅಲ್ಲ ಅನ್ನುವ ಹಾಗೆ, ಚಹಾ ಲೋಟ ಎತ್ತುತ್ತಾ. "ಗ್ರೂಪ್ ತುಂಬ ಹಬ್ಬೈತಿ. ಇನ್ನು ಇವರು ನಮ್ಮನ್ನೆಲ್ಲ ಕಳಿಸೇ ಹೋಗೂದು."

"ಮಾವ, ಆ ಬಟ್ಟೆ ನಡುಕೋಣೆಗೆ ತಗೊಂಡು ಹೋಗ್ಬೇಡಿ," ಅಂದೆ. "ಗಾಡಿ ಮೇಲೆ ಕಟ್ಟಿ. ಬಿಸಿಲೇರೋ ಮುಂಚೆ ಹೊರಡೋಣ."

ಮಡಚುತ್ತಿದ್ದ ಕೈ ನಿಂತಿತು. "ಎಡವಟ್ಟು ಆತಲ್ಲವಾ?"

"ಅದು ನನ್ನ ಟ್ರಯಲ್‌ನಲ್ಲಿ ಆಗಿದ್ದು. ನಿಮ್ಮ ಟ್ರಯಲ್ ಪಾಸಾಗಿದೆ."

ಅನಘಾ ಕೂಗಿದ ಕೂಗಿಗೆ ಎದುರು ಮನೆಯ ನಾಯಿ ಬೊಗಳಿತು. ಆಮೇಲೆ ನಮ್ಮ ಮನೆಯಲ್ಲಿ ಎದ್ದ ಗಡಿಬಿಡಿ ಹೇಳತೀರದು. ರೊಟ್ಟಿ ಬುತ್ತಿ, ನೀರಿನ ಕ್ಯಾನು, ಮಾತ್ರೆ ಡಬ್ಬಿ, ಮರಳಿನ ಡಬ್ಬಿ, ಬೈರಪ್ಪನವರಿಗೊಂದು ದಿಂಬು. ಹಾರವನ್ನು ಏನು ಮಾಡುವುದು ಅಂತ ನಾಗಭೂಷಣ್ ಕೈ ಹಿಸುಕುತ್ತಾ ನಿಂತಿದ್ದರು. "ಚಲೋ ಹೂವು ಐತಿ, ಒಗೀಬ್ಯಾಡ್ರಿ," ಅಂತ ಮಾವ ಅದನ್ನು ತೆಗೆದುಕೊಂಡು ಓಮ್ನಿಯ ಮುಂದೆ ಕಟ್ಟಿದರು. ಮೂಗಿಗೆ ಟವೆಲ್ ಹಿಡಿದುಕೊಂಡು.

ವೀರೇಶ್ ಗಾಡಿ ತೆಗೆದ. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವರು ನಮ್ಮ ಓಮ್ನಿಯ ಹಾರ ನೋಡಿ, ನೆತ್ತಿಯ ಮೇಲಿನ ಬಿಳೀ ಬಟ್ಟೆಯ ಗಂಟು ನೋಡಿ, ಮುಖ ಸಣ್ಣದು ಮಾಡಿಕೊಂಡು ಎದೆ ಮುಟ್ಟಿ ಕೈ ಮುಗಿದರು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಶರಣ್ರಿ ಸರ," ಅಂದರು. ಸಿಗ್ನಲ್ ಹಸಿರಾದರೂ ಆಟೋ ಮಾತ್ರ ಅಲ್ಲೇ ನಿಂತಿತ್ತು.

ಬ್ಯಾಡರಹಳ್ಳಿ ದಾಟಿದ್ದು ನನಗೆ ನೆನಪಿದೆ. ಅನಘಾ ಸರಿಯಾಗಿ ಕೂತಿದ್ದಾಳಾ, ಹಿಂಬಾಗಿಲು ಹಾಕಿದೆಯಾ, ಅತ್ತೆ ಬಿಪಿ ಮಾತ್ರೆ ನುಂಗಿದರಾ ಅಂತ ನೋಡಿದ್ದೂ ನೆನಪಿದೆ. ಮಾವ ಮಡಚಿಟ್ಟ ಫೋಮಿನ ಮೇಲೆ ಕೂತಿದ್ದೆ, ಸ್ವಲ್ಪ ಬೆನ್ನು ಒರಗಿಸಿದೆ. ಮುಂದಿನದನ್ನು ಅನಘಾ ಹೇಳಿದ್ದು. ತಾವರೆಕೆರೆ ಬಂತು ಅಂತ ಅವಳು ನನ್ನನ್ನು ಎಬ್ಬಿಸಲು ಕೈ ಚಾಚಿದಾಗ ಅಜ್ಜ ಬಾಯಿಗೆ ಬೆರಳಿಟ್ಟು ಅವಳನ್ನು ತಡೆದರಂತೆ.

"ಸುಮ್ನಿರು ಕೂಸೆ. ಗಿರಾಕಿ ಮಲಗ್ಯಾಳ."